ಆ ಮಷೀನನ್ನ ರಿಪೇರಿಗೆ ಕೊಡಬೇಡಿ: ಬೆರಳು ಹೋದ ಮೇಲೆ ನಾನು ಪರಿಹಾರ ಪಡೆದ ಬಗೆ

2022ರಲ್ಲಿ ಮೈಸೂರಿನ ಒಂದು ಫರ್ನಿಚರ್ ವರ್ಕ್‌ಶಾಪಿನಲ್ಲಿ ಪ್ಲೈವುಡ್ ಕೊಯ್ಯುವಾಗ ನನ್ನ ಎಡಗೈಯ ತೋರುಬೆರಳಿನ ಎರಡು ಗೆಣ್ಣು, ನಡುಬೆರಳಿನ ಒಂದು ಗೆಣ್ಣು ಹೋದವು. ಮಷೀನ್ ಹೊಸದು, ವಾರಂಟಿ ಇನ್ನೂ ಇತ್ತು. ಕೈಯಲ್ಲಿ ಹಿಡಿದು ಕೊಯ್ಯುವ ಸರ್ಕ್ಯುಲರ್ ಸಾಗೆ (ದುಂಡು ಬ್ಲೇಡಿನ ಕರೆಂಟ್ ಗರಗಸಕ್ಕೆ) ಕೆಳಗಡೆ ಒಂದು ಗಾರ್ಡ್ ಇರುತ್ತದೆ. ಕೊಯ್ಯುವಾಗ ಅದು ಹಿಂದಕ್ಕೆ ಸರಿಯುತ್ತದೆ. ಹಲಗೆಯಿಂದ ಎತ್ತಿದ ತಕ್ಷಣ ಸ್ಪ್ರಿಂಗ್ ಎಳೆದು ಬ್ಲೇಡನ್ನ ಮುಚ್ಚಬೇಕು. ನಮ್ಮದರಲ್ಲಿ ಗಾರ್ಡ್ ಅರ್ಧದಲ್ಲೇ ಸಿಕ್ಕಿಕೊಂಡಿತು. ಸ್ವಿಚ್ ಬಿಟ್ಟ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ ಅಲ್ವಾ, ಅಷ್ಟರಲ್ಲೇ ಆಗಿಹೋಯಿತು.

ನನ್ನ ಕೇಸು ಮುಗಿದಿದೆ, ದುಡ್ಡೂ ಬಂದಿದೆ. ಮರಗೆಲಸ, ಫ್ಯಾಬ್ರಿಕೇಶನ್, ಗ್ರಾನೈಟ್ ಕೆಲಸದಲ್ಲಿರುವ ಎಷ್ಟೋ ಜನ ಬೆರಳು, ಕಣ್ಣು ಕಳೆದುಕೊಂಡು ಓನರ್ ಕೊಟ್ಟಷ್ಟು ಇಸ್ಕೊಂಡು ಸುಮ್ನಾಗುತ್ತಾರೆ. ಅವರಿಗೋಸ್ಕರ ಬರೆಯುತ್ತಿದ್ದೇನೆ.

ಮೊದಲ ಕೆಲಸ ಆಸ್ಪತ್ರೆಯಲ್ಲೇ ಶುರುವಾಗುತ್ತದೆ. ಕ್ಯಾಶುವಾಲ್ಟಿಯಲ್ಲಿ ಡಾಕ್ಟರ್ ಹೇಗಾಯ್ತು, ಎಲ್ಲಾಯ್ತು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಜೊತೆಗೆ ಬಂದವರು ‘ಮನೇಲಿ ಏನೋ ಕೊಯ್ಯೋಕೆ ಹೋಗಿ ಆಯ್ತು ಅಂತ ಬರೆಸು, ಪೊಲೀಸ್ ತಾಪತ್ರಯ ಬೇಡ’ ಅಂದರು. ನಾನು ಒಪ್ಪಲಿಲ್ಲ. ಕೆಲಸದ ಜಾಗ, ಹೊತ್ತು, ಮಷೀನಿನ ಹೆಸರು, ಗಾರ್ಡ್ ಮುಚ್ಚಲಿಲ್ಲ ಅನ್ನುವುದು, ಎಲ್ಲ ಹೇಳಿ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಮಾಡಿಸಿದೆ. ಆ ಒಂದು ಹಾಳೆ ಮುಂದೆ ಎಲ್ಲ ಕಡೆಯೂ ಕೆಲಸಕ್ಕೆ ಬಂತು. ಅಲ್ಲಿ ‘ಮನೆ’ ಅಂತ ಬರೆಸಿದ್ದರೆ ಆಮೇಲೆ ಅದನ್ನ ಅಳಿಸಲು ಯಾವ ಲಾಯರ್‌ಗೂ ಸುಲಭವಲ್ಲ.

ಎರಡನೆಯದು ಮಷೀನ್. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಬೇಕು ಅಂದರೆ ಇದನ್ನೇ ಇಟ್ಟುಕೊಳ್ಳಿ. ಅಪಘಾತ ಆದ ಮಷೀನನ್ನ ಯಾರೂ ಬಿಚ್ಚಬಾರದು, ಅಂಗಡಿಗೆ ವಾಪಸ್ ಕೊಡಬಾರದು. ಆಸ್ಪತ್ರೆಯಿಂದಲೇ ಜೊತೆಗಾರನಿಗೆ ಫೋನ್ ಮಾಡಿಸಿದೆ. ಗಾರ್ಡ್ ಎಲ್ಲಿ ನಿಂತಿದೆಯೋ ಹಾಗೇ ಫೋಟೋ, ಸೀರಿಯಲ್ ನಂಬರಿನ ಪ್ಲೇಟ್, ಬ್ಲೇಡಿನ ಮೇಲೆ ಬರೆದ ಸ್ಪೀಡು, ಡಬ್ಬ, ಬಿಲ್ಲು, ಮ್ಯಾನುಯಲ್ ಎಲ್ಲದರ ಫೋಟೋ ತೆಗೆಸಿದೆ. ಗಾರ್ಡನ್ನ ಕೈಯಲ್ಲಿ ಹಿಂದಕ್ಕೆ ಎಳೆದು ಬಿಟ್ಟರೆ ಅದು ವಾಪಸ್ ಬರದೆ ನಿಲ್ಲುವುದನ್ನ ವಿಡಿಯೋ ಮಾಡಿಸಿದೆ.

ಓನರ್ ಮಾತು ಬೇರೆ ಇತ್ತು. ‘ವಾರಂಟಿ ಇದೆಯಪ್ಪ, ಅಂಗಡಿಗೆ ಕೊಟ್ಟು ಬೇರೆ ತಗೊಂಡ್ಬಿಡೋಣ’ ಅಂದರು. ಕೊಟ್ಟರೆ ಸರ್ವಿಸ್ ಸೆಂಟರಿನವರು ಗಾರ್ಡ್ ಬದಲಾಯಿಸಿಬಿಡುತ್ತಾರೆ, ಸಾಕ್ಷಿ ಅಲ್ಲಿಗೇ ಮುಗಿಯಿತು. ಅವರನ್ನ ಒಪ್ಪಿಸಿದ್ದು ಕಾನೂನಿನ ಒಂದು ಅಂಶ. ಕೆಲಸಗಾರನಿಗೆ ಓನರ್ ಪರಿಹಾರ ಕೊಟ್ಟ ಮೇಲೆ, ಆ ಗಾಯಕ್ಕೆ ಬೇರೊಬ್ಬರು ಕಾನೂನಿನ ಪ್ರಕಾರ ಹೊಣೆಯಾಗಿದ್ದರೆ ಆ ದುಡ್ಡನ್ನ ಅವರಿಂದ ವಸೂಲಿ ಮಾಡಬಹುದು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 13ನೇ ಸೆಕ್ಷನ್ ಅದು (ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಕೊನೆಯಲ್ಲಿ ಹೇಳಿದ್ದೇನೆ). ‘ಯಜಮಾನ್ರೇ, ಮಷೀನ್ ಇದ್ರೆ ನಾಳೆ ನಿಮಗೂ ಕಂಪನಿಯನ್ನ ಕೇಳೋಕೆ ದಾರಿ ಇರುತ್ತೆ’ ಅಂದಾಗ ಅವರು ಡಬ್ಬಕ್ಕೆ ಹಾಕಿ ಅಂಟುಪಟ್ಟಿ ಸುತ್ತಿ, ಮೇಲೆ ಇಬ್ಬರೂ ಸಹಿ ಹಾಕಲು ಒಪ್ಪಿದರು.

ಇನ್ನು ಕಾನೂನು. ಮೊದಲು ನೋಡಬೇಕಾದ್ದು ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ. ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರಿಗೆ ಅದು ಅನ್ವಯಿಸುತ್ತದೆ. ಇಎಸ್‌ಐ ಇದ್ದರೆ ಪರಿಹಾರ ಅಲ್ಲಿಂದಲೇ ಬರುತ್ತದೆ, ಓನರ್ ಮೇಲೆ ಬೇರೆ ಕ್ಲೇಮ್ ಹಾಕಲು ಆಗುವುದಿಲ್ಲ. ನಮ್ಮ ಶಾಪಿನಲ್ಲಿ ಅಷ್ಟು ಜನ ಇರಲಿಲ್ಲ. ಹಾಗಾಗಿ ನನ್ನ ದಾರಿ ನೌಕರರ ಪರಿಹಾರ ಕಾಯ್ದೆ.

ಈ ಕಾಯ್ದೆಯ ದೊಡ್ಡ ಗುಣ ಏನೆಂದರೆ, ಓನರ್ ತಪ್ಪು ಮಾಡಿದರು ಅಂತ ನಾವು ತೋರಿಸಬೇಕಾಗಿಲ್ಲ. ಕೆಲಸ ಮಾಡುವಾಗ, ಕೆಲಸದಿಂದಲೇ ಗಾಯವಾಯಿತು ಅಂತ ತೋರಿಸಿದರೆ ಸಾಕು. ಮಷೀನ್ ಕೆಟ್ಟದ್ದೋ ಒಳ್ಳೆಯದೋ ಅನ್ನುವುದು ಓನರ್ ವಿರುದ್ಧದ ಕ್ಲೇಮಿಗೆ ಬೇಕೇ ಇಲ್ಲ. ಹಾಗಾದರೆ ಮಷೀನ್ ಉಳಿಸಿಕೊಳ್ಳುವುದು ಯಾಕೆ ಅಂತ ಕೇಳಬಹುದು. ಓನರ್ ಕಡೆಯ ಇನ್ಶೂರೆನ್ಸ್ ಕಂಪನಿಯ ಮೊದಲ ಆಕ್ಷೇಪಣೆಯೇ ಅದಕ್ಕೆ ಉತ್ತರ. ಕೆಲಸಗಾರ ಬೇಕಂತಲೇ ಗಾರ್ಡ್ ತೆಗೆದಿದ್ದರೆ, ಅಥವಾ ಕುಡಿದಿದ್ದರೆ, ಸಾವು ಮತ್ತು ಪೂರ್ತಿ ಶಾಶ್ವತ ಅಂಗವೈಕಲ್ಯ ಬಿಟ್ಟು ಉಳಿದ ಗಾಯಗಳಿಗೆ ಪರಿಹಾರ ಇಲ್ಲ ಅಂತ ಕಾಯ್ದೆಯಲ್ಲಿದೆ. ‘ತಂತಿ ಕಟ್ಟಿ ಗಾರ್ಡನ್ನ ಹಿಂದಕ್ಕೆ ನಿಲ್ಲಿಸಿದ್ದಾನೆ’ ಅಂತ ಅವರು ಬರೆದರು. ನಮ್ಮ ಕೆಲಸದಲ್ಲಿ ಹಾಗೆ ಕಟ್ಟುವವರು ಇದ್ದಾರೆ, ಆ ಮಾತು ಯಾರಾದರೂ ನಂಬುವಂಥದ್ದೇ. ಡಬ್ಬ ತೆರೆದಾಗ ತಂತಿಯೂ ಇಲ್ಲ, ಕಟ್ಟಿದ ಗುರುತೂ ಇಲ್ಲ. ಗಾರ್ಡಿನ ಬುಡದ ಬುಶ್ (ಗಾರ್ಡ್ ತಿರುಗುವ ಬಳೆ) ಸರಿಯಾಗಿ ಕೂತಿರಲಿಲ್ಲ. ಸ್ಪ್ರಿಂಗ್ ಎಳೆದರೂ ಗಾರ್ಡಿನ ಅಂಚು ಮಷೀನಿನ ಮೈಗೆ ಉಜ್ಜಿ ನಿಲ್ಲುತ್ತಿತ್ತು. ವಾದ ಅಲ್ಲಿಗೆ ಬಿತ್ತು.

ಲೆಕ್ಕ ಹೀಗಿದೆ. ನನ್ನ ಸಂಬಳ 18,000. ಆದರೆ ಕಾಯ್ದೆಯ ಲೆಕ್ಕಕ್ಕೆ 2020ರ ಜನವರಿಯಿಂದ 15,000 ಮಿತಿ ಇತ್ತು. ಅದರ ಶೇಕಡಾ 60 ಅಂದರೆ 9,000. ಇದನ್ನ ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು, 32 ವರ್ಷಕ್ಕೆ 203.85. ಬರುವುದು 18,34,650. ಬೆರಳುಗಳಿಗೆ ಕಾಯ್ದೆಯಲ್ಲೇ ಪಟ್ಟಿ ಇದೆ: ತೋರುಬೆರಳಿನ ಎರಡು ಗೆಣ್ಣಿಗೆ ಶೇ 11, ನಡುಬೆರಳಿನ ಒಂದು ಗೆಣ್ಣಿಗೆ ಶೇ 7. ಕೂಡಿದರೆ ಶೇ 18, ಅಂದರೆ 3,30,237 ರೂಪಾಯಿ. ಗಾಯವಾದ ಒಂದು ತಿಂಗಳಲ್ಲಿ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡಮಾಡಿದರೆ ಶೇ 50ರವರೆಗೆ ದಂಡ. ಆಸ್ಪತ್ರೆ ಖರ್ಚು ಬೇರೆ, ಅದನ್ನ ಇದರಲ್ಲಿ ಕಳೆಯುವ ಹಾಗಿಲ್ಲ. ಬಿಲ್ಲುಗಳನ್ನ ಜೋಪಾನ ಮಾಡಿ.

ಪಟ್ಟಿಯಲ್ಲಿರುವುದೇ ಕೊನೆಯಲ್ಲ. ಒಡಿಶಾದ ಒಬ್ಬ ಬಡಗಿಯ ಎಡಗೈ ಮೊಣಕೈ ಮೇಲಕ್ಕೆ ಕತ್ತರಿಸಬೇಕಾಗಿ ಬಂದಾಗ, ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬತ ಅಂತ ಆ ಕೇಸಿನ ಹೆಸರು, 1975ರ ತೀರ್ಪು. ಕೈಕೆಲಸದವರು ತಮ್ಮ ಲಾಯರ್‌ಗೆ ಇದನ್ನ ಹೇಳಲೇಬೇಕು.

ಈ ಮಧ್ಯೆ ಓನರ್ ಕಡೆಯವರು 50,000 ಕೊಡುತ್ತೇವೆ, ಸ್ಟಾಂಪ್ ಪೇಪರಿನಲ್ಲಿ ‘ಇನ್ನೇನೂ ಕೇಳುವುದಿಲ್ಲ’ ಅಂತ ಸಹಿ ಮಾಡು ಅಂದರು. ಇಂಥ ಕಾಗದದಲ್ಲಿ ನಮ್ಮ ಹಕ್ಕು ಬಿಟ್ಟುಕೊಟ್ಟರೂ ಅದು ನಡೆಯುವುದಿಲ್ಲ, 1923ರ ಕಾಯ್ದೆಯ 17ನೇ ಸೆಕ್ಷನ್ ಹಾಗೆ ಹೇಳುತ್ತಿತ್ತು. ರಾಜಿ ಮಾಡಿಕೊಂಡರೆ ಕಮಿಷನರ್ ಹತ್ತಿರ ನೋಂದಣಿ ಆಗಬೇಕು. ಕಮಿಷನರ್ ಅಂದರೆ ನಮ್ಮ ಕಡೆ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟೇ. ನಾನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ ಅಲ್ಲಿ ಅರ್ಜಿ ಹಾಕಿದೆ. ಎರಡು ವರ್ಷದೊಳಗೆ ಹಾಕಬೇಕು. ಸಂಬಳಕ್ಕೆ ಸ್ಲಿಪ್ ಇರಲಿಲ್ಲ. ಫೋನ್‌ಪೇಯಲ್ಲಿ ಬಂದ ದುಡ್ಡಿನ ಸ್ಟೇಟ್‌ಮೆಂಟ್ ಸಾಕಾಯಿತು. ಕಾರ್ಖಾನೆ ಕೆಲಸಗಾರರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಫೀಸಿಲ್ಲದೆ ಲಾಯರ್ ಸಿಗುತ್ತಾರೆ.

ಮಷೀನ್ ಮಾಡಿದ ಕಂಪನಿಯ ವಿಷಯ ಕಷ್ಟದ್ದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆ ಅಂತಲೇ ಒಂದು ಅಧ್ಯಾಯ ಇದೆ. ತಯಾರಿಕೆಯಲ್ಲಿ, ವಿನ್ಯಾಸದಲ್ಲಿ ದೋಷ ಇದ್ದರೆ, ಸರಿಯಾದ ಎಚ್ಚರಿಕೆ ಕೊಡದಿದ್ದರೆ ತಯಾರಕರು ಪರಿಹಾರ ಕೊಡಬೇಕು. ಆದರೆ ನನ್ನಂಥವನಿಗೆ ಎರಡು ಅಡ್ಡಿ. ವ್ಯಾಪಾರಕ್ಕೆ ಓನರ್ ಕೊಂಡ ಮಷೀನ್, ಇವನು ಗ್ರಾಹಕನೇ ಅಲ್ಲ ಅಂತ ಅವರು ವಾದಿಸುತ್ತಾರೆ. ಮತ್ತೆ, ಕೆಲಸದ ಜಾಗಕ್ಕೆ ಅಂತ ಕೊಂಡ ಓನರಿಗೆ ಎಚ್ಚರಿಕೆ ಕೊಟ್ಟಿದ್ದರೆ, ಎಚ್ಚರಿಕೆ ಕೊಡಲಿಲ್ಲ ಅನ್ನುವ ದೂರು ನಿಲ್ಲುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ಕಂಪನಿ ಮೇಲೆ ದಾವೆ ಹಾಕಿದರೆ ನೌಕರರ ಪರಿಹಾರವೇ ಕೈತಪ್ಪುತ್ತದೆ, 1923ರ ಕಾಯ್ದೆಯ ಮೂರನೇ ಸೆಕ್ಷನ್ ಹಾಗಿತ್ತು. ಅದಕ್ಕೇ ನಾನು ಓನರ್ ಮತ್ತು ಇನ್ಶೂರೆನ್ಸ್ ದಾರಿಯನ್ನ ಮಾತ್ರ ಹಿಡಿದೆ. ದುಡಿಯುವವನಿಗೆ ಬೇಗ ಸಿಗುವುದು, ಖಚಿತವಾಗಿ ಸಿಗುವುದು ಅದೇ ಅಂತ ಈಗಲೂ ನನ್ನ ಅಭಿಪ್ರಾಯ.

ಸ್ವಂತ ಮಷೀನ್ ಇಟ್ಟುಕೊಂಡು ಮನೆ ಮನೆಗೆ ಹೋಗಿ ಕೆಲಸ ಮಾಡುವ ಬಡಗಿಗೆ ಮಾತ್ರ ಗ್ರಾಹಕ ಆಯೋಗವೇ ಸರಿ. ಹೊಟ್ಟೆಪಾಡಿನ ಸ್ವಂತ ದುಡಿಮೆಗೆ ಕೊಂಡದ್ದು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದ ಗಡುವು. ಮಷೀನಿನ ಬೆಲೆ ಐದು ಲಕ್ಷದೊಳಗಿದ್ದರೆ ಫೀಸಿಲ್ಲ. ಆಯೋಗ ಮಷೀನನ್ನ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬಹುದು. ಇಲ್ಲೂ ಮಷೀನ್ ಬಿಚ್ಚದೆ ಇರಬೇಕು, ಬಿಲ್ಲು ಬೇಕೇ ಬೇಕು. ಬಿಲ್ಲಿಲ್ಲದೆ ನೂರು ಇನ್ನೂರು ಉಳಿಸಲು ಹೋಗಬೇಡಿ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ. 1923ರ ಕಾಯ್ದೆಯ ಜಾಗಕ್ಕೆ ಅದರ ಏಳನೇ ಅಧ್ಯಾಯ ಬಂದಿದೆ. ಶೇ 60ರ ಲೆಕ್ಕ, ಬೆರಳುಗಳ ಪಟ್ಟಿ ಅದರಲ್ಲೂ ಇವೆ, ಸೆಕ್ಷನ್ ನಂಬರುಗಳು ಬೇರೆ. ಈಗ ಗಾಯವಾದವರು ಅರ್ಜಿಯಲ್ಲಿ ಹೊಸ ಸಂಹಿತೆಯ ಸೆಕ್ಷನ್‌ಗಳನ್ನೇ ಬರೆಸಿ.