ಬಾಗೇಪಲ್ಲಿ ನೀರಿನ ಪೇಪರ್‌ಗಳು ನನಗೆ ಸಿಕ್ಕಿದ್ದು ಹೀಗೆ

"ಬಾಗೇಪಲ್ಲಿ ನೀರಿನ ಫ್ಲೋರೈಡ್ ಮೇಲೆ ಹಳೆ ಸಂಶೋಧನೆ ಏನೂ ಇಲ್ಲ, ಥೀಸಿಸ್ ವಿಷಯ ಬದಲಾಯಿಸಪ್ಪ" ಅಂತ ನಮ್ಮ ಗೈಡ್ ಅಂದಿದ್ದರು. ಜೊತೆಯ ಸ್ಕಾಲರ್‌ಗಳೂ ಹೂಂ ಅಂದರು. ಈಗ ನನ್ನ ಫೋಲ್ಡರ್‌ನಲ್ಲಿ ಪೇಪರ್, ಥೀಸಿಸ್ ಸೇರಿ ಅರವತ್ತರ ಹತ್ತಿರ ಇವೆ. ಬೇರೆ ಯಾರ ಹತ್ತಿರವೂ ಇಷ್ಟಿಲ್ಲ.

ದುಡ್ಡೂ ಹೋಯಿತು. ಹಳೆ ಪೇಪರ್‌ಗಳನ್ನು ಹುಡುಕಿ ರಿವ್ಯೂ ಮಾಡಿಕೊಡ್ತೀವಿ ಅಂದವರಿಗೆ ಏಳೆಂಟು ಸಾವಿರ ಕೊಟ್ಟೆ, ಬಂದಿದ್ದು ಬರೀ ರಾಜಸ್ಥಾನ, ಆಂಧ್ರದ ಪೇಪರ್‌ಗಳ ಪಟ್ಟಿ. ಬೆಂಗಳೂರಿನ ಓಡಾಟ, ಜೆರಾಕ್ಸ್ ಅಂತ ಇನ್ನೊಂದು ಮೂರು ಸಾವಿರ.

ಗಂಟು ಇದ್ದದ್ದು ಜಿಲ್ಲೆಯ ಹೆಸರಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ. ಅದಕ್ಕೂ ಮೊದಲು ಬರೆದವರಿಗೆ ಬಾಗೇಪಲ್ಲಿ ಕೋಲಾರ ಜಿಲ್ಲೆ, ಅಲ್ವಾ? ಹಾಗಾಗಿ ಕೋಲಾರ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಮೂರನ್ನೂ ಒಂದು ಬ್ರಾಕೆಟ್‌ನಲ್ಲಿ 'ಆರ್' (OR, ಅಂದರೆ 'ಅಥವಾ') ಹಾಕಿ ಕೂಡಿಸಿದೆ. ಪೇಪರ್ ಹುಡುಕೋ ಗೂಗಲ್ ಸ್ಕಾಲರ್‌ನಲ್ಲಿ ಆ 'ಆರ್' ದೊಡ್ಡ ಅಕ್ಷರದಲ್ಲೇ ಇರಬೇಕು. ಚಿಕ್ಕಬಳ್ಳಾಪುರದ ಇಂಗ್ಲಿಷ್ ಸ್ಪೆಲಿಂಗ್ ಒಂದು 'ಕೆ' ಇರೋದು, ಎರಡಿರೋದು, ಕೊನೆಗೆ 'ಎ' ಇರೋದು ಎಲ್ಲವೂ ಬೇಕು. ತುಮಕೂರಿನ ಮೇಲೆ ಹುಡುಕೋರು 2014ಕ್ಕೆ ಮುಂಚಿನ ಸ್ಪೆಲಿಂಗ್ ಬಿಡಬೇಡಿ.

ಫ್ಲೋರೈಡ್, ಅದು ಹೆಚ್ಚಾದರೆ ಬರೋ ಫ್ಲೋರೋಸಿಸ್ ಕಾಯಿಲೆ ಎರಡೂ ಹಿಡಿಯಲಿ ಅಂತ ಸ್ಕೋಪಸ್‌ನಲ್ಲಿ (ಇದೂ ಪೇಪರ್ ಹುಡುಕೋ ತಾಣ) 'ಫ್ಲೋರ್' ಕೊನೆಗೆ ಸ್ಟಾರ್ (*) ಹಾಕಿದರೆ, ಬೆಳಕಿಗೆ ಸಂಬಂಧಿಸಿದ ಫ್ಲೋರೆಸೆನ್ಸ್ ಪೇಪರ್‌ಗಳು ರಾಶಿ ಬೀಳುತ್ತವೆ. ಎರಡು ಪದ ಪೂರ್ತಿ ಟೈಪ್ ಮಾಡೋದೇ ವಾಸಿ.

ಸುಮ್ನೆ ಒಂದು ದಿನ ಕೋಲಾರ, ನೀರು ಅಷ್ಟೇ ಹಾಕಿ ನೋಡಿದೆ. ನ್ಯೂಟ್ರಿನೋ ಅನ್ನೋ ಸೂಕ್ಷ್ಮ ಕಣದ ಪೇಪರ್‌ಗಳು ಬಂದವು! 1965ರಲ್ಲಿ ಕೆಜಿಎಫ್ ಗಣಿಯ ಆಳದಲ್ಲಿ ನ್ಯೂಟ್ರಿನೋ ಹಿಡಿದಿದ್ದರಲ್ಲ, ಅದರ ಸಂತಾನ ಎಲ್ಲ. ನ್ಯೂಟ್ರಿನೋಗೆ ಮೈನಸ್ ಹಾಕಿದೆ, ಹೋದವು. 'ಗೋಲ್ಡ್'ಗೆ ಮಾತ್ರ ಮೈನಸ್ ಬೇಡ, ಗಣಿ ಸುತ್ತಲಿನ ಬಾವಿ ನೀರಿನ ಪೇಪರ್‌ಗಳೂ ಅದರ ಜೊತೆ ಹೋಗಿಬಿಡುತ್ತವೆ.

ಹಳೆ ಸರ್ಕಾರಿ ವರದಿ ಹಿಡಿಯೋ ಪದ ಬೇರೆ ಇದೆ. ನನ್ನ ಥೀಸಿಸ್ ಸಬ್‌ಮಿಟ್ ಆಗೋವರೆಗೆ ಅದನ್ನು ಹೇಳಲ್ಲ.

ಜಾಸ್ತಿ ಸಿಕ್ಕಿದ್ದು ನದಿ ಹೆಸರಿಂದ. ಜಿಯಾಲಜಿಯವರು ಎಷ್ಟೋ ಸಲ ತಾಲ್ಲೂಕು ಬಿಟ್ಟು ನದಿ ಕಣಿವೆ ಹೆಸರಲ್ಲಿ ಬರೆಯುತ್ತಾರೆ. ಬಾಗೇಪಲ್ಲಿ ಕಡೆಯ ನದಿ ಚಿತ್ರಾವತಿ ಅಂತ ಹಾಕಿದ ರಾತ್ರಿ ಒಂದೇ ಸಲಕ್ಕೆ ಹತ್ತು ಹನ್ನೆರಡು ಹೊಸ ಪೇಪರ್ ಇಳಿಸಿಕೊಂಡೆ. ಥೀಸಿಸ್‌ಗಳ ತಾಣ ಶೋಧಗಂಗಾದಲ್ಲೂ ಅದೇ ನಡೆಯಿತು. ಗೌರಿಬಿದನೂರಿನ ಮೇಲೆ ಹುಡುಕೋರು ಅಲ್ಲಿನ ನದಿಯ ಎರಡು ಹೆಸರು, ಉತ್ತರ ಪಿನಾಕಿನಿ, ಪೆನ್ನಾರ್ ಎರಡೂ ಹಾಕಿ ನೋಡಿ.