ರೈಸ್ ಮಿಲ್ ಆಫೀಸಿನಿಂದ ಗೋದಾಮಿಗೆ ಫೈಬರ್: ಸ್ವಿಚ್‌ಗೆ ಜೋಡಿಸುವುದು ಹೇಗೆ

ದಾವಣಗೆರೆ, ಹರಿಹರ ಸುತ್ತಿನ ರೈಸ್ ಮಿಲ್‌ಗಳಲ್ಲಿ ಗೇಟಿನ ವೇಬ್ರಿಡ್ಜ್, ಆಫೀಸಿನ ಬಿಲ್ಲಿಂಗ್ ಕಂಪ್ಯೂಟರ್, ಹಿಂದಿನ ಗೋದಾಮಿನ ಕ್ಯಾಮೆರಾ ಎಲ್ಲವೂ ಒಂದೇ ನೆಟ್‌ವರ್ಕ್‌ಗೆ ಸೇರಬೇಕು. ನಡುವೆ ಭತ್ತ ಒಣಹಾಕುವ ಅಂಗಳ, ಬಾಯ್ಲರ್ ಮನೆ, ಲಾರಿ ನಿಲ್ಲುವ ಜಾಗ. ಕ್ಯಾಟ್ 6 ಕೇಬಲ್‌ನ ಮಿತಿ 100 ಮೀಟರ್. ಅಷ್ಟರಲ್ಲಿ ಗೋದಾಮು ಸಿಗುವುದಿಲ್ಲ. ದೂರ ಕಡಿಮೆ ಇದ್ದರೂ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತಾಮ್ರ ಎಳೆಯುವುದು ಬೇಡ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲಾದರೂ ಸಿಡಿಲು ಬಡಿದರೆ ತಂತಿಯಲ್ಲಿ ಹರಿದು ಬರುವ ಸರ್ಜ್ ಎರಡೂ ಕಡೆಯ ಪೋರ್ಟ್‌ಗಳನ್ನು ಸುಡಬಲ್ಲದು. ಫೈಬರ್‌ನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ಲಿಂಕ್ ಬರದಿದ್ದರೆ ಮೊದಲು ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಮೇಲೆ ಅನುಮಾನ, ಆಮೇಲೆ ಕೇಬಲ್ ಎಳೆದವರ ಮೇಲೆ. ಆದರೆ ತಪ್ಪು ಹೆಚ್ಚಾಗಿ ಇರುವುದು ಪ್ಯಾಚ್ ಕಾರ್ಡಿನ (ಸ್ವಿಚ್‌ಗೆ ಚುಚ್ಚುವ ಗಿಡ್ಡ ಫೈಬರ್ ಕೇಬಲ್) ತುದಿಗೆ ಅಂಟಿದ ಧೂಳಿನಲ್ಲಿ, ಅದಲುಬದಲಾದ ಜೋಡಿಯಲ್ಲಿ, ಒಂದಕ್ಕೊಂದು ಹೊಂದದ ಮಾಡ್ಯೂಲ್‌ಗಳಲ್ಲಿ. ಹಾಗಾಗಿ ಈ ಕೆಲಸದಲ್ಲಿ ಎರಡು ಅಭ್ಯಾಸ ಬಿಡುವಂತಿಲ್ಲ: ಪ್ರತಿ ಸಲ ಒರೆಸಿಯೇ ಚುಚ್ಚುವುದು, ಬೆಳಕನ್ನು ಅಳೆದೇ ಮಾತಾಡುವುದು.

ಏನೇನು ಬೇಕು

ಲೆಕ್ಕಕ್ಕೆ ಆಫೀಸಿನಿಂದ ಗೋದಾಮಿಗೆ 350 ಮೀಟರ್, ವೇಗ 1 ಗಿಗಾಬಿಟ್ ಎಂದಿಟ್ಟುಕೊಳ್ಳಿ. 6 ಕೋರ್‌ನ (ಒಳಗೆ ಆರು ಗಾಜಿನ ಎಳೆ ಇರುವ) ಸಿಂಗಲ್ ಮೋಡ್ ಆರ್ಮರ್ಡ್ (ಉಕ್ಕಿನ ಹೊದಿಕೆಯ) ಕೇಬಲ್ 400 ಮೀಟರ್ ತರಿಸಿ. ಎರಡೂ ತುದಿಯಲ್ಲಿ ಹತ್ತು ಹತ್ತು ಮೀಟರ್ ಸುರುಳಿ ಸುತ್ತಿಡಬೇಕು, ತಿರುವುಗಳಲ್ಲೂ ಸ್ವಲ್ಪ ಹೋಗುತ್ತದೆ. ಕೇಬಲ್ ಬಂದು ನಿಲ್ಲುವ ಪೆಟ್ಟಿಗೆ ಎಲ್‌ಐಯು, 6 ಪೋರ್ಟಿನದು ಎರಡು. ಎಲ್‌ಸಿ (ಚಿಕ್ಕ ಬಗೆಯ ಕನೆಕ್ಟರ್) ಪಿಗ್‌ಟೇಲ್ (ಒಂದೇ ತುದಿಗೆ ಕನೆಕ್ಟರ್ ಇರುವ ಫೈಬರ್ ತುಂಡು) 12, ಸ್ಪ್ಲೈಸ್ ಸ್ಲೀವ್ (ಬೆಸುಗೆಯನ್ನು ಮುಚ್ಚುವ ಕೊಳವೆ) 12 (ಎರಡು-ಮೂರು ಹೆಚ್ಚಿಗೆ ಇರಲಿ), ಎಲ್‌ಸಿಯಿಂದ ಎಲ್‌ಸಿಗೆ ಹೋಗುವ ಡ್ಯೂಪ್ಲೆಕ್ಸ್ (ಎರಡು ಎಳೆಯ) ಪ್ಯಾಚ್ ಕಾರ್ಡ್ 2, 1310 ನ್ಯಾನೋಮೀಟರ್ ತರಂಗಾಂತರದ 1 ಗಿಗಾಬಿಟ್ ಎಲ್‌ಎಕ್ಸ್ (ಸಿಂಗಲ್ ಮೋಡ್‌ಗೆ ಹೊಂದುವ) ಎಸ್‌ಎಫ್‌ಪಿ ಮಾಡ್ಯೂಲ್ (ಸ್ವಿಚ್‌ಗೆ ಸಿಕ್ಕಿಸುವ, ಬೆಳಕು ಕಳಿಸಿ ಪಡೆಯುವ ತುಂಡು) 2. ಇವುಗಳ ಜೊತೆಗೆ ಎಲ್‌ಸಿಗೆ ಹೊಂದುವ 1.25 ಮಿಲಿಮೀಟರ್‌ನ ಒನ್-ಕ್ಲಿಕ್ ಕ್ಲೀನರ್, ನೂಲು ಬಿಡದ ಒರೆಸುವ ಹಾಳೆ, 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್, ಆಪ್ಟಿಕಲ್ ಪವರ್ ಮೀಟರ್, ಕೆಂಪು ಲೇಸರ್ ಪೆನ್.

ಇಷ್ಟು ಹತ್ತಿರಕ್ಕೆ ಸಿಂಗಲ್ ಮೋಡ್ (ಬೆಳಕಿನ ದಾರಿ ಕಿರಿದು, ದೂರಕ್ಕೆ) ಯಾಕೆ, ಮಲ್ಟಿಮೋಡ್ (ದಾರಿ ಅಗಲ, ಹತ್ತಿರಕ್ಕೆ) ಸಾಲದೇ ಎಂದು ಅಂಗಡಿಯಲ್ಲಿ ಕೇಳಬಹುದು. 1 ಗಿಗಾಬಿಟ್‌ಗೆ 50 ಮೈಕ್ರಾನ್ ಮಲ್ಟಿಮೋಡ್ 550 ಮೀಟರ್‌ವರೆಗೂ ಸಾಕು. ಮುಂದೆ 10 ಗಿಗಾಬಿಟ್‌ಗೆ ಹೋಗುವ ದಿನ ಓಎಂ3 ದರ್ಜೆಯ ಮಲ್ಟಿಮೋಡ್ ಕೇಬಲ್ 300 ಮೀಟರ್‌ಗೇ ನಿಲ್ಲುತ್ತದೆ. ನಮ್ಮ 350 ಮೀಟರ್ ಆಚೆ ಉಳಿಯುತ್ತದೆ. ಸಿಂಗಲ್ ಮೋಡ್ ಹಾಕಿದ್ದರೆ ಮಾಡ್ಯೂಲ್ ಬದಲಿಸಿದರೆ ಮುಗಿಯಿತು, ನೆಲ ಅಗೆಯುವ ಕೆಲಸವಿಲ್ಲ. ಪ್ಯಾಚ್ ಕಾರ್ಡಿನ ಬಣ್ಣದಲ್ಲೇ ಗುರುತು ಸಿಗುತ್ತದೆ: ಸಿಂಗಲ್ ಮೋಡ್ ಹಳದಿ, ಓಎಂ3 ತಿಳಿ ನೀಲಿ-ಹಸಿರು, ಹಳೆಯ ಮಲ್ಟಿಮೋಡ್ ಕಿತ್ತಳೆ. ಎರಡನ್ನೂ ಬೆರೆಸಬೇಡಿ.

ಕನೆಕ್ಟರ್ ಬಣ್ಣವನ್ನೂ ನೋಡಿ. ಮನೆಗಳ ಇಂಟರ್ನೆಟ್ ಕನೆಕ್ಷನ್‌ಗೆ ಬರುವ ಹಸಿರು ಕನೆಕ್ಟರ್ ಎಪಿಸಿ. ಅದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಎಸ್‌ಎಫ್‌ಪಿಗೆ ಬೇಕಾದದ್ದು ನೀಲಿ ಬಣ್ಣದ ಯುಪಿಸಿ. ಹಸಿರನ್ನು ನೀಲಿಗೆ ಒತ್ತಿದರೆ ನಡುವೆ ಗಾಳಿ ಉಳಿದು ಬೆಳಕು ಸೋರುತ್ತದೆ, ತುದಿಯೂ ಹಾಳಾಗಬಹುದು.

ಕೇಬಲ್ ಎಳೆಯುವಾಗ

ಈ ಭಾಗದಲ್ಲಿ ಎರೆಮಣ್ಣು ಇರುವ ಕಡೆ ಕೇಬಲನ್ನು ನೇರವಾಗಿ ಮಣ್ಣಿಗೆ ಹಾಕಬೇಡಿ. ಬೇಸಿಗೆಯಲ್ಲಿ ನೆಲ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಆ ಎಳೆತ ಕೇಬಲ್ ಮೇಲೆ ಬೀಳುತ್ತದೆ. 40 ಮಿಲಿಮೀಟರ್ ಎಚ್‌ಡಿಪಿಇ ಪೈಪ್ ಹೂತು, ಅದರೊಳಗೆ ಕೇಬಲ್ ಸಡಿಲವಾಗಿರುವಂತೆ ಬಿಡಿ. ಚಿತ್ರದುರ್ಗದ ಕಡೆ ಹಾರೆ ಹಾಕಿದ ಕೂಡಲೇ ಬಂಡೆ ಸಿಕ್ಕರೆ ಗೋಡೆಗುಂಟ ಜಿಐ ಪೈಪ್ ಹಿಡಿಸುವುದೇ ವಾಸಿ. ಮಿಲ್ ಎಂದರೆ ಹೆಗ್ಗಣ ಇದ್ದೇ ಇರುತ್ತದೆ. ಆರ್ಮರ್ಡ್ ಕೇಬಲ್ ಹೇಳಿದ್ದು ಅದಕ್ಕೇ, ಪೈಪಿನ ಎರಡೂ ಬಾಯಿಯನ್ನೂ ಮುಚ್ಚಿ. ಆದರೆ ಆ ಉಕ್ಕಿನ ಹೊದಿಕೆ ಕರೆಂಟ್ ಹರಿಸುತ್ತದೆ ಎಂಬುದು ನೆನಪಿರಲಿ. ಕೇಬಲ್ ಕಟ್ಟಡ ಹೊಕ್ಕುವಲ್ಲೇ ಅದಕ್ಕೆ ಅರ್ತಿಂಗ್ ಕೊಡಿ. ಇಲ್ಲವಾದರೆ ಸಿಡಿಲಿಗೆ ಹೆದರಿ ಫೈಬರ್ ಹಾಕಿದ್ದೂ ವ್ಯರ್ಥ.

ಎಳೆಯುವಾಗ ಹೊರಗಿನ ಪ್ಲಾಸ್ಟಿಕ್ ಹಿಡಿದು ಜಗ್ಗದೆ, ಬಲಕ್ಕೆಂದೇ ಇರುವ ಒಳಗಿನ ತಂತಿಗೋ ಅರಾಮಿಡ್ ನೂಲಿಗೋ ಹಗ್ಗ ಕಟ್ಟಿ. ಎಳೆತದಲ್ಲಿರುವಾಗ ತಿರುವಿನ ತ್ರಿಜ್ಯ ಕೇಬಲ್ ದಪ್ಪದ 20 ಪಟ್ಟು, ಕೂರಿಸಿದ ಮೇಲೆ 10 ಪಟ್ಟಿಗಿಂತ ಕಡಿಮೆ ಆಗಬಾರದು. 9 ಮಿಲಿಮೀಟರ್ ಕೇಬಲ್ ಆದರೆ 18 ಮತ್ತು 9 ಸೆಂಟಿಮೀಟರ್.

ಎಲ್‌ಐಯು ಒಳಗೆ

ಸ್ಪ್ಲೈಸಿಂಗ್ (ಫೈಬರ್ ಬೆಸೆಯುವ) ಮಷಿನ್ ಇರುವವರನ್ನೇ ಕರೆಸಿ. ಬೇಕಾಗಿರುವುದು ಎರಡೇ ಕೋರ್ ಆದರೂ ಅವರು ಬಂದ ದಿನವೇ ಆರನ್ನೂ ಎರಡೂ ಕಡೆ ಹಾಕಿಸಿಕೊಳ್ಳಿ. ನಾಳೆ ಒಂದು ಕೋರ್ ಕೈಕೊಟ್ಟರೆ ಪ್ಯಾಚ್ ಕಾರ್ಡ್ ಪಕ್ಕಕ್ಕೆ ಸರಿಸಿದರೆ ಸಾಕು. ಕೋರ್‌ಗಳ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ. ಎರಡೂ ಎಲ್‌ಐಯುಗಳಲ್ಲಿ ನೀಲಿ 1ನೇ ಪೋರ್ಟಿಗೆ, ಕಿತ್ತಳೆ 2ನೇ ಪೋರ್ಟಿಗೆ, ಹೀಗೇ ಬರಬೇಕು. ಮಷಿನ್ ತೋರಿಸುವ ಬೆಳಕಿನ ನಷ್ಟ 0.1 ಡಿಬಿಗಿಂತ (ಡೆಸಿಬೆಲ್) ಹೆಚ್ಚಿದ್ದರೆ ಮತ್ತೆ ಕತ್ತರಿಸಿ ಹಾಕಲು ಹೇಳಿ. ಸ್ಲೀವ್‌ಗಳನ್ನು ಟ್ರೇಯ ಗುಂಡಿಗಳಲ್ಲೇ ಕೂರಿಸಿ, ಫೈಬರ್ ನೂಲನ್ನು ದೊಡ್ಡ ಸುತ್ತಾಗಿ ಸುತ್ತಿ, ಮುಚ್ಚಳ ಹಾಕುವಾಗ ಯಾವ ನೂಲೂ ಸಿಕ್ಕಿಕೊಂಡಿಲ್ಲ ಎಂದು ನೋಡಿ. ಕತ್ತರಿಸಿ ಬಿದ್ದ ಗಾಜಿನ ಚೂರುಗಳು ಕಣ್ಣಿಗೆ ಕಾಣುವುದಿಲ್ಲ, ಚರ್ಮದೊಳಗೆ ಹೋದರೆ ತೆಗೆಯುವುದು ಕಷ್ಟ. ಟೇಪಿಗೆ ಅಂಟಿಸಿ ಮುಚ್ಚಳವಿರುವ ಡಬ್ಬಿಗೆ ಹಾಕಿ. ಆ ಮೇಜಿನ ಮೇಲೆ ಮಂಡಕ್ಕಿ-ಮೆಣಸಿನಕಾಯಿ ಬಿಚ್ಚುವುದಂತೂ ಖಂಡಿತ ಬೇಡ: ಚೂರು ಬಾಯಿಗೆ ಹೋಗುತ್ತದೆ, ಕೈಯ ಎಣ್ಣೆ ಫೈಬರಿಗೆ ಹತ್ತುತ್ತದೆ.

ಸ್ವಿಚ್‌ಗೆ ಜೋಡಿಸುವುದು

ಮೊದಲು ಎಸ್‌ಎಫ್‌ಪಿ. ರಬ್ಬರ್ ಮುಚ್ಚಳ ತೆಗೆಯದೆ, ಸ್ವಿಚ್‌ನ ಎಸ್‌ಎಫ್‌ಪಿ ಗೂಡಿನಲ್ಲಿ ಕ್ಲಿಕ್ ಎನ್ನುವವರೆಗೆ ತಳ್ಳಿ. ಸ್ವಿಚ್ ಆಫ್ ಮಾಡಬೇಕಿಲ್ಲ. ಅರ್ಧಕ್ಕೇ ನಿಂತರೆ ಬಲ ಹಾಕದೆ ಹೊರತೆಗೆದು, ಮಾಡ್ಯೂಲ್ ತಲೆಕೆಳಗಾಗಿದೆಯೇ ನೋಡಿ. ಎಸ್‌ಎಫ್‌ಪಿ ಮತ್ತು ಎಸ್‌ಎಫ್‌ಪಿ ಪ್ಲಸ್ (10 ಗಿಗಾಬಿಟ್‌ನದು) ಗಾತ್ರದಲ್ಲಿ ಒಂದೇ. 1 ಗಿಗಾಬಿಟ್ ಮಾಡ್ಯೂಲ್ ಬಹಳಷ್ಟು 10 ಗಿಗಾಬಿಟ್ ಗೂಡುಗಳಲ್ಲಿ ನಡೆಯುತ್ತದೆ. 10 ಗಿಗಾಬಿಟ್ ಮಾಡ್ಯೂಲ್ 1 ಗಿಗಾಬಿಟ್ ಗೂಡಿನಲ್ಲಿ ನಡೆಯುವುದಿಲ್ಲ.

ಆಮೇಲೆ ಒರೆಸುವುದು. ಗಾಜಿನ ಎಳೆಯ ನಡುವೆ ಬೆಳಕು ಹೋಗುವ ಭಾಗ ಬರೀ 9 ಮೈಕ್ರಾನ್. ಭತ್ತದ ಹೊಟ್ಟಿನ ಧೂಳಿನ ಒಂದು ಕಣ ಅದನ್ನು ಪೂರ್ತಿ ಮುಚ್ಚಬಲ್ಲದು, ಮತ್ತು ಎರಡು ತುದಿಗಳ ನಡುವೆ ಒತ್ತಿದಾಗ ಗಾಜಿನಲ್ಲೇ ಗುಳಿ ಮಾಡಬಲ್ಲದು. ಗುಳಿ ಬಿದ್ದರೆ ಎಷ್ಟು ಒರೆಸಿದರೂ ಹೋಗುವುದಿಲ್ಲ, ಕಾರ್ಡ್ ಬದಲಿಸಬೇಕು. ಪ್ಯಾಕೆಟ್ ಈಗ ತಾನೇ ಒಡೆದದ್ದು, ಮುಚ್ಚಳ ಹಾಕಿಯೇ ಇತ್ತು ಎಂದು ಬಿಡಬೇಡಿ; ಮುಚ್ಚಳದೊಳಗಿನ ಕೊಳೆಯೂ ತುದಿಗೆ ಅಂಟುತ್ತದೆ. ಕ್ಲೀನರನ್ನು ಪ್ಯಾಚ್ ಕಾರ್ಡಿನ ತುದಿಗೆ ಇಟ್ಟು ಒಂದು ಕ್ಲಿಕ್, ಎಲ್‌ಐಯು ಅಡಾಪ್ಟರಿನೊಳಗೆ ಒಂದು ಕ್ಲಿಕ್. ಅಡಾಪ್ಟರಿನ ಒಳಗಡೆ ಪಿಗ್‌ಟೇಲ್ ತುದಿ ಇದೆ, ಅದನ್ನು ಮರೆಯುವವರೇ ಹೆಚ್ಚು. ಜಿಡ್ಡು ಇದ್ದರೆ ಆಲ್ಕೋಹಾಲ್ ತಾಗಿಸಿದ ಹಾಳೆಯಲ್ಲಿ ಒರೆಸಿ, ತಕ್ಷಣ ಒಣ ಹಾಳೆಯಲ್ಲಿ ಇನ್ನೊಮ್ಮೆ. ಆಲ್ಕೋಹಾಲ್ ತಾನಾಗಿ ಒಣಗಿದರೆ ಕಲೆ ಉಳಿಯುತ್ತದೆ. ಬಾಯಿಂದ ಊದಬೇಡಿ, ಅಂಗಿಯ ಚುಂಗಿಗೆ ಒರೆಸಬೇಡಿ. ಒರೆಸಿದ ತುದಿಯನ್ನು ಮೇಜಿನ ಮೇಲೆ ಇಡದೆ ನೇರ ಚುಚ್ಚಿ.

ಕಾಣುವುದಿಲ್ಲ ಎಂದು ಫೈಬರ್ ತುದಿಯೊಳಗೆ ಇಣುಕಬೇಡಿ. 1310 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ಕಣ್ಣಿಗೆ ಹಾನಿಯಾಗುವ ಅಪಾಯ ಇದ್ದೇ ಇದೆ. ಲೇಸರ್ ಪೆನ್ನಿಗೂ ಇದೇ ಮಾತು: ಬೆಳಕು ಬಂತೇ ಎಂದು ನೋಡಲು ತುದಿಯನ್ನು ಗೋಡೆಗೋ ಕಾಗದಕ್ಕೋ ಹಿಡಿಯಿರಿ.

ಈಗ ಜೋಡಿ. ಎಸ್‌ಎಫ್‌ಪಿಯ ಒಂದು ತೂತು ಬೆಳಕು ಕಳಿಸುವ ಟಿಎಕ್ಸ್, ಇನ್ನೊಂದು ಪಡೆಯುವ ಆರ್‌ಎಕ್ಸ್. ಆಫೀಸಿನ ಟಿಎಕ್ಸ್ ಗೋದಾಮಿನ ಆರ್‌ಎಕ್ಸ್‌ಗೆ ತಲುಪಬೇಕು. ಆಫೀಸಿನಲ್ಲಿ 1ನೇ ಕೋರ್‌ಗೆ ಟಿಎಕ್ಸ್ ಹಾಕಿದ್ದರೆ ಗೋದಾಮಿನಲ್ಲಿ ಅದೇ 1ನೇ ಕೋರ್‌ಗೆ ಆರ್‌ಎಕ್ಸ್. ಎರಡು ಕಡೆಯೂ ಒಂದೇ ತರದ ಕಾರ್ಡನ್ನು ಒಂದೇ ತರ ಚುಚ್ಚಿದರೆ ಟಿಎಕ್ಸ್ ಎದುರು ಟಿಎಕ್ಸ್ ಬಂದು ಕೂರುತ್ತದೆ. ಆಗ ಒಂದು ಕಡೆ ಮಾತ್ರ ಎಲ್‌ಸಿ ಜೋಡಿಯ ಕ್ಲಿಪ್ ಬಿಚ್ಚಿ ಎರಡನ್ನೂ ಅದಲುಬದಲು ಮಾಡಿ. ಆಫೀಸಿನವರು, ಗೋದಾಮಿನವರು ಫೋನಿನಲ್ಲಿ ಮಾತಾಡದೆ ಇಬ್ಬರೂ ಬದಲಿಸಿದರೆ ಮತ್ತೆ ಮೊದಲಿನ ಜಾಗಕ್ಕೇ ಬಂದಂತೆ.

ಒಂದೇ ಕೋರ್‌ನಲ್ಲಿ ಎರಡೂ ದಿಕ್ಕಿಗೆ ಹೋಗುವ ಬೈಡೈರೆಕ್ಷನಲ್ (BiDi) ಮಾಡ್ಯೂಲ್‌ಗಳಾದರೆ ಜೋಡಿಯಾಗಿಯೇ ಕೊಳ್ಳಬೇಕು: ಒಂದು 1310ರಲ್ಲಿ ಕಳಿಸಿ 1550ರಲ್ಲಿ ಪಡೆಯುವುದು, ಇನ್ನೊಂದು ಅದರ ಉಲ್ಟಾ. ಎರಡೂ ಒಂದೇ ಬಗೆಯವು ಬಂದಿದ್ದರೆ ಲಿಂಕ್ ಬರುವ ಮಾತೇ ಇಲ್ಲ.

ಬೆಳಕಿನ ಲೆಕ್ಕ

1310ರಲ್ಲಿ ಸಿಂಗಲ್ ಮೋಡ್ ಫೈಬರಿನ ನಷ್ಟ ಕಿಲೋಮೀಟರಿಗೆ ಸುಮಾರು 0.35 ಡಿಬಿ. 400 ಮೀಟರಿಗೆ 0.14. ಎರಡು ಸ್ಪ್ಲೈಸ್‌ಗೆ 0.2, ಎರಡು ಎಲ್‌ಐಯು ಅಡಾಪ್ಟರಿಗೆ ತಲಾ 0.5ರಂತೆ 1. ಒಟ್ಟು 1.4 ಡಿಬಿ ಒಳಗೆ. ಮಾಡ್ಯೂಲ್ ಮೈನಸ್ 6 ಡಿಬಿಎಂ (ಬೆಳಕಿನ ಬಲದ ಅಳತೆ) ಕಳಿಸುತ್ತಿದ್ದರೆ ಆ ಕಡೆ ಮೈನಸ್ 7.4ರ ಸುತ್ತಮುತ್ತ ಸಿಗಬೇಕು. ಪವರ್ ಮೀಟರನ್ನು 1310ಕ್ಕೆ ಇಟ್ಟು ಗೋದಾಮಿನ ಕಾರ್ಡಿನ ತುದಿಯಲ್ಲಿ ಅಳೆಯಿರಿ. ಡಿಡಿಎಂ (ಬೆಳಕನ್ನು ತಾನೇ ಅಳೆಯುವ ಸೌಲಭ್ಯ) ಇರುವ ಮಾಡ್ಯೂಲ್ ಆದರೆ ಸ್ವಿಚ್ಚೇ ಹೇಳುತ್ತದೆ. ಸಿಸ್ಕೋ ಸ್ವಿಚ್‌ನಲ್ಲಿ ‘ಶೋ ಇಂಟರ್‌ಫೇಸಸ್ ಟ್ರಾನ್ಸೀವರ್’ ಎಂದು ಕೊಟ್ಟರೆ ಟಿಎಕ್ಸ್, ಆರ್‌ಎಕ್ಸ್, ಬಿಸಿ ಎಲ್ಲವೂ ಬರುತ್ತದೆ.

ಸಾಮಾನ್ಯ ಎಲ್‌ಎಕ್ಸ್ ಮಾಡ್ಯೂಲ್ ಮೈನಸ್ 19ರವರೆಗೂ ಓದಬಲ್ಲದು. ಹಾಗೆಂದು ಮೈನಸ್ 17 ಬಂದರೂ ಲಿಂಕ್ ಇದೆಯಲ್ಲ ಎಂದು ಬಿಟ್ಟು ಹೋಗುವುದು ಸರಿಯಲ್ಲ. ಲೆಕ್ಕದಲ್ಲಿ ಮೈನಸ್ 7.4 ಬರಬೇಕಾದ ಕಡೆ ಮೈನಸ್ 17 ಬಂದಿದೆ ಎಂದರೆ ಎಲ್ಲೋ 10 ಡಿಬಿ ಸೋರುತ್ತಿದೆ: ಕೊಳೆ, ಟ್ರೇಯಲ್ಲಿ ಮಡಚಿದ ನೂಲು, ಇಲ್ಲವೇ ರ‍್ಯಾಕ್ ಬಾಗಿಲಿಗೆ ಸಿಕ್ಕ ಪ್ಯಾಚ್ ಕಾರ್ಡ್. ಲೇಸರ್ ಪೆನ್ ಹಾಕಿದರೆ ಮುರಿದ ಅಥವಾ ತೀರಾ ಬಾಗಿದ ಜಾಗದಲ್ಲಿ ಕೆಂಪು ಬೆಳಕು ಹೊರಗೆ ಕಾಣುತ್ತದೆ. ನೆಲದೊಳಗೆ ಕೇಬಲ್ ಎಲ್ಲಿ ತುಂಡಾಗಿದೆ ಎಂದು ತಿಳಿಯಲು ಮಾತ್ರ ಓಟಿಡಿಆರ್ (ತುಂಡಾದ ಜಾಗದ ದೂರ ತೋರಿಸುವ ಉಪಕರಣ) ಬೇಕು.

ಬೆಳಕು ಹೆಚ್ಚಾದರೂ ತೊಂದರೆಯೇ. ‘ದೂರಕ್ಕೆ ಹೋಗುವುದು ಒಳ್ಳೆಯದು’ ಎಂದು 80 ಕಿಲೋಮೀಟರ್ ಮಾಡ್ಯೂಲ್ ತಂದು 350 ಮೀಟರಿಗೆ ಹಾಕಿದರೆ ಆರ್‌ಎಕ್ಸ್‌ಗೆ ತಡೆಯಲಾಗದಷ್ಟು ಬೆಳಕು ಬಿದ್ದು ಲಿಂಕ್ ತಪ್ಪಬಹುದು, ಮಾಡ್ಯೂಲೇ ಕೆಡಬಹುದು.

ಲಿಂಕ್ ಬರದಿದ್ದರೆ

ಆರ್‌ಎಕ್ಸ್ ಮೈನಸ್ 40 ತೋರಿಸಿದರೆ ಬೆಳಕೇ ಬರುತ್ತಿಲ್ಲ. ಜೋಡಿ ಅದಲುಬದಲು ಮಾಡಿ, ಆಚೆಯ ಸ್ವಿಚ್ ಆನ್ ಇದೆಯೇ, ಪೋರ್ಟ್ ಶಟ್‌ಡೌನ್ ಆಗಿದೆಯೇ ನೋಡಿ. ಬೆಳಕು ಸರಿಯಿದ್ದೂ ಲಿಂಕ್ ಇಲ್ಲದಿದ್ದರೆ ಒಂದು ಕಡೆ 1 ಗಿಗಾಬಿಟ್, ಇನ್ನೊಂದು ಕಡೆ 100 ಮೆಗಾಬಿಟ್ ಮಾಡ್ಯೂಲ್ ಇರಬಹುದು. ಒಂದು ಕಡೆ ದೀಪ ಉರಿದು ಇನ್ನೊಂದು ಕಡೆ ಉರಿಯದಿದ್ದರೆ ಆಟೋ ನೆಗೋಶಿಯೇಶನ್ (ಎರಡು ಪೋರ್ಟ್‌ಗಳು ತಾವೇ ಹೊಂದಿಕೊಳ್ಳುವ ಸೆಟ್ಟಿಂಗ್) ಒಂದೇ ಕಡೆ ಆನ್ ಇದೆಯೇ ಪರೀಕ್ಷಿಸಿ. ಇದ್ದರೆ ಎರಡೂ ಕಡೆ ಆನ್ ಇಡಿ. ಕೆಲವು ಕಂಪನಿಯ ಸ್ವಿಚ್‌ಗಳು ಬೇರೆ ಕಂಪನಿಯ ಮಾಡ್ಯೂಲನ್ನು ಒಪ್ಪದೆ ಪೋರ್ಟ್ ಮುಚ್ಚುತ್ತವೆ, ಲಾಗ್ ನೋಡಿದರೆ ತಿಳಿಯುತ್ತದೆ. ಕಾಂಬೋ ಪೋರ್ಟ್ ಆದರೆ ತಾಮ್ರ ಅಥವಾ ಫೈಬರ್, ಒಂದೇ ನಡೆಯುತ್ತದೆ.

ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕಡಿಯುವ ಲಿಂಕ್‌ಗೆ ಕಾರಣ ಬಿಸಿಯಾಗಿರಬಹುದು. ಸಾಮಾನ್ಯ ಮಾಡ್ಯೂಲ್ 70 ಡಿಗ್ರಿವರೆಗೆ ಮಾತ್ರ. ಗೋದಾಮಿನ ಪಶ್ಚಿಮ ಗೋಡೆಯ ಮೇಲೆ, ತಗಡಿನ ಪೆಟ್ಟಿಗೆಯೊಳಗೆ, ಏಪ್ರಿಲ್ ಬಿಸಿಲಿಗೆ ಸ್ವಿಚ್ ಇಟ್ಟರೆ ಆ ಮಿತಿ ದೂರವಿಲ್ಲ. ಪೆಟ್ಟಿಗೆಯನ್ನು ನೆರಳಿಗೆ ಸರಿಸಿ. ಆಗದಿದ್ದರೆ 85 ಡಿಗ್ರಿ ತಡೆಯುವ ಇಂಡಸ್ಟ್ರಿಯಲ್ ಮಾಡ್ಯೂಲ್ ಹಾಕಿ, ಸ್ವಿಚ್ ಕೂಡ ಅದೇ ದರ್ಜೆಯದಿರಲಿ. ಲಿಂಕ್ ನಿಂತಿದ್ದೂ ಕ್ಯಾಮೆರಾ ಚಿತ್ರ ಒಡೆಯುತ್ತಿದ್ದರೆ ಸಿಆರ್‌ಸಿ ಎರರ್ (ಕೆಟ್ಟು ಬಂದ ಡೇಟಾ) ಎಣಿಕೆ ನೋಡಿ. ಏರುತ್ತಿದ್ದರೆ ಮೊದಲು ತುದಿಗಳನ್ನು ಒರೆಸಿ.

ಎಲ್ಲ ಸರಿಯಾದ ಮೇಲೆ ಎಲ್‌ಐಯು ಬಾಗಿಲ ಒಳಗೆ ಯಾವ ಕೋರ್ ಎಲ್ಲಿಗೆ, ಎರಡೂ ಕಡೆಯ ಆರ್‌ಎಕ್ಸ್ ಎಷ್ಟು, ಅಳೆದ ತಾರೀಕು ಯಾವುದು ಎಂದು ಬರೆದು ಅಂಟಿಸಿ. ಬಳಸದ ಪೋರ್ಟ್‌ಗಳಿಗೆ ಮುಚ್ಚಳ ಹಾಕಿ. ಉಳಿದ ನಾಲ್ಕು ಕೋರ್‌ಗಳಲ್ಲಿ 3 ಮತ್ತು 4ನ್ನು ಬದಲಿ ಲಿಂಕ್ ಆಗಿ ಅದೇ ಎರಡು ಸ್ವಿಚ್‌ಗಳಿಗೆ ಹಾಕುವ ಯೋಚನೆ ಇದ್ದರೆ, ಎರಡೂ ಸ್ವಿಚ್‌ಗಳಲ್ಲಿ ಆರ್‌ಎಸ್‌ಟಿಪಿ (ಲೂಪ್ ತಡೆಯುವ ವ್ಯವಸ್ಥೆ) ಆನ್ ಆಗಿದೆ ಎಂದು ಖಚಿತ ಮಾಡಿಕೊಂಡ ಮೇಲಷ್ಟೇ ಎರಡನೇ ಜೋಡಿ ಚುಚ್ಚಿ. ಇಲ್ಲದಿದ್ದರೆ ಲೂಪ್ ಆಗಿ ವೇಬ್ರಿಡ್ಜ್‌ನಿಂದ ಕ್ಯಾಮೆರಾವರೆಗೆ ಇಡೀ ನೆಟ್‌ವರ್ಕ್ ನಿಲ್ಲುತ್ತದೆ.