ಡಿಸೈನರ್ ಇಲ್ಲದೆ ನಮ್ಮ ಇ-ಪತ್ರಿಕೆಯ ಪುಟ ಚೆಂದ ಮಾಡಿಕೊಂಡಿದ್ದು

ಹೋದ ತಿಂಗಳು ನಮ್ಮ ಮಾಸಿಕದ 19ನೇ ಸಂಚಿಕೆ ಕಳಿಸಿದೆವು. ಅವತ್ತೇ ಸಂಜೆ, ಪುಸ್ತಕ ಮುದ್ರಣ ಮಾಡುವ ಪರಿಚಯದವರೊಬ್ಬರು ಫೋನ್ ಮಾಡಿದರು. "ಸಾರ್, ನಿಮ್ಮ ಡಿಸೈನರ್ ಯಾರು? ನಂಬರ್ ಕೊಡ್ತೀರಾ?" ಅಂದರು. ನಾನೇ ಮಾಡೋದು ಅಂದರೆ ನಂಬಲಿಲ್ಲ. ಮನೆಗೆ ಕರೆದು ಫೈಲ್ ತೆರೆದು ತೋರಿಸಿದೆ, ಆಮೇಲೆ ನಂಬಿದರು. ಎರಡು ವರ್ಷದ ಹಿಂದೆ ನಮ್ಮ ಗುಂಪಿನವರೇ "ಬರೆಯೋದು ನಿಮ್ಮ ಕೆಲಸ, ಡಿಸೈನ್ ನಿಮ್ಮ ಕೈಲಿ ಆಗಲ್ಲ, ದುಡ್ಡು ಕೊಟ್ಟು ಮಾಡಿಸಿ" ಎಂದಿದ್ದರು. ಚಿತ್ರ ಬರೆಯಲು ನನಗೆ ಬರುವುದಿಲ್ಲ. ಬಣ್ಣದ ತರಗತಿಗೆ ಹೋದವನಲ್ಲ. ಆದರೂ ಆಯಿತು. ನಿಮ್ಮಲ್ಲಿ ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದ್ದರೆ ನಾನು ಕಳೆದುಕೊಂಡಷ್ಟು ದುಡ್ಡು, ರಾತ್ರಿ ನೀವು ಕಳೆದುಕೊಳ್ಳುವುದು ಬೇಡ ಎಂದು ಬರೆಯುತ್ತಿದ್ದೇನೆ.

ಮೊದಲ ಸಂಚಿಕೆ ಎ4 ಅಳತೆಯಲ್ಲಿತ್ತು. 24 ಪುಟ, ಎರಡು ಕಾಲಂ, ಅಂಗಡಿಯಲ್ಲಿ ಸಿಗುವ ಮಾಸಪತ್ರಿಕೆಯ ಹಾಗೆ. ಮೂರು ರಾತ್ರಿ ಕೂತಿದ್ದೆ. ಏಳು ಫಾಂಟ್ ಬಳಸಿದ್ದೆ. ಪ್ರತಿ ಪುಟಕ್ಕೂ ಚುಕ್ಕಿ ರಂಗೋಲಿಯ ಅಂಚು ಹಾಕಿದ್ದೆ. ಕಂಪ್ಯೂಟರಿನಲ್ಲಿ ನೋಡಿದಾಗ ತುಂಬಾ ಖುಷಿಯಾಗಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಫೈಲ್ 46 ಎಂಬಿ ಇತ್ತು, ಅರ್ಧ ಜನ ಡೌನ್‌ಲೋಡ್ ಮಾಡಲೇ ಇಲ್ಲ. ಮಾಡಿದವರಲ್ಲಿ ಒಬ್ಬ ಹಿರಿಯರು "ಪುಟ ಹಿಗ್ಗಿಸಿ ಹಿಗ್ಗಿಸಿ ಬೆರಳು ನೋವು ಬಂತು, ಎರಡನೇ ಕಥೆಗೆ ನಿಲ್ಲಿಸಿದೆ" ಎಂದರು. ಇನ್ನೊಬ್ಬರು ಮುಖಪುಟ ನೋಡಿ ಯಾರದೋ ಲಗ್ನಪತ್ರಿಕೆ ಅಂದುಕೊಂಡರಂತೆ. ಆ ಮಾತು ತುಂಬಾ ದಿನ ಮನಸ್ಸಿನಲ್ಲಿ ಉಳಿಯಿತು.

ಆಮೇಲೆ ದುಡ್ಡು ಸುರಿದೆ. ಒಬ್ಬರು ಸಂಚಿಕೆಗೆ 6,000 ಕೇಳಿದರು. ಇನ್ನೊಬ್ಬರು 4,500ಕ್ಕೆ ಒಪ್ಪಿದರು, ಎರಡು ಸಂಚಿಕೆ ಅವರಿಂದ ಮಾಡಿಸಿದೆ. ಕೈಚಳಕ ಇದ್ದವರೇ, ಆದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಪಕ್ಕಕ್ಕೆ ಜಾರಿದ್ದರೂ ಅವರ ಕಣ್ಣಿಗೆ ಬೀಳುವುದಿಲ್ಲ. ಪ್ರೂಫ್ ತಿದ್ದಿ ತಿದ್ದಿ ನಾಲ್ಕು ಸುತ್ತು ಆಗುತ್ತಿತ್ತು. ನಡುವೆ ಒಂದು ಟೆಂಪ್ಲೇಟ್ ಕಟ್ಟು (ಮೊದಲೇ ಸಿದ್ಧ ಮಾಡಿಟ್ಟ ಪುಟ ವಿನ್ಯಾಸಗಳು) ಕೊಂಡೆ, 1,800 ಹೋಯಿತು. ಶೀರ್ಷಿಕೆಗೆಂದು ಒಂದು ಚೆಂದದ ಫಾಂಟ್ ಕೊಂಡೆ, ಸುಮಾರು 2,500. ಅದು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡ ಕೂರಿಸಿದ ಹಳೆಯ ಆಸ್ಕಿ ಫಾಂಟ್, ಈಗ ಫೋನು, ಕಂಪ್ಯೂಟರುಗಳಲ್ಲಿ ಬಳಸುವ ಯೂನಿಕೋಡ್ ಪಠ್ಯಕ್ಕೆ ಕೂರುವುದಿಲ್ಲ ಅಂತ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. ಒಟ್ಟು 13 ಸಾವಿರ ಚಿಲ್ಲರೆ. ಉಚಿತವಾಗಿ ಹಂಚುವ ಪತ್ರಿಕೆಗೆ ಇದು ಜಾಸ್ತಿ ಅಲ್ವಾ?

ಟೆಂಪ್ಲೇಟ್ ವಿಷಯ ಇನ್ನೊಂಚೂರು ಹೇಳಬೇಕು. ಇಂಗ್ಲಿಷ್ ಪಠ್ಯ ಇದ್ದಾಗ ಅದು ನಿಜಕ್ಕೂ ಸೊಗಸಾಗಿತ್ತು. ಕನ್ನಡ ಹಾಕಿದ ಕೂಡಲೇ ಕುಸಿಯಿತು. ಯಾಕೆ ಎಂದು ಎರಡು ವಾರ ನೋಡಿದೆ. ಅದರ ಅಂದ ಪೂರ್ತಿ ನಿಂತಿದ್ದು ಕ್ಯಾಪಿಟಲ್ ಅಕ್ಷರಗಳ ಮೇಲೆ, ಅಕ್ಷರಗಳ ನಡುವೆ ಬಿಟ್ಟ ಅಂತರದ ಮೇಲೆ, ಎರಡೇ ಪದದ ಶೀರ್ಷಿಕೆಗಳ ಮೇಲೆ. ನಮ್ಮಲ್ಲಿ ಕ್ಯಾಪಿಟಲ್ ಇಲ್ಲ. ಅಕ್ಷರಗಳ ನಡುವೆ ಅಂತರ ಎಳೆದರೆ ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ ನಿಂತ ಹಾಗೆ ಕಾಣುತ್ತದೆ. ಯಂತ್ರದಿಂದ ಓರೆ ಮಾಡಿದರೆ ಗುಂಡಗಿನ ಅಕ್ಷರ ಬೀಳುತ್ತಿರುವ ಹಾಗಿರುತ್ತದೆ. ಹಾಗಾಗಿ ಕನ್ನಡದಲ್ಲಿ ಒಂದು ಸಾಲನ್ನು ಎದ್ದು ಕಾಣಿಸಲು ನನ್ನ ಕೈಯಲ್ಲಿ ಮೂರೇ ದಾರಿ ಉಳಿಯಿತು: ಗಾತ್ರ, ದಪ್ಪ, ಸುತ್ತಲಿನ ಖಾಲಿ ಜಾಗ. ಇದು ತಿಳಿದ ದಿನ ಟೆಂಪ್ಲೇಟನ್ನು ಅಳಿಸಿಬಿಟ್ಟೆ.

ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಒಂದು ಹಳೆಯ ಪುಸ್ತಕ ಮನೆಯಲ್ಲಿತ್ತು. ಕಾಗದ ಹಳದಿಯಾಗಿದೆ, ಆದರೂ ಓದಲು ಹಿತ. ಸ್ಕೇಲ್ ಹಿಡಿದು ಅದರ ಪುಟ ಅಳೆದೆ. ಅಕ್ಷರ ಇದ್ದ ಜಾಗ ಪುಟದ ಶೇಕಡಾ 60ರಷ್ಟೂ ಇರಲಿಲ್ಲ. ಮೇಲಿನ ಅಂಚಿಗಿಂತ ಕೆಳಗಿನ ಅಂಚು ದೊಡ್ಡದು. ಸಾಲುಗಳ ನಡುವೆ ಧಾರಾಳ ಜಾಗ. ಅಲಂಕಾರ ಅಂತ ಒಂದು ಗೆರೆಯೂ ಇಲ್ಲ. ನನ್ನ ಡಿಸೈನ್ ಪಾಠ ಅಷ್ಟೇ. ಆ ಅಳತೆಗಳನ್ನೇ ಫೋನಿಗೆ ತಂದೆ.

ಫೋನಿನ ಪುಟ 9:16. ನಾನು 4.5 ಇಂಚು ಅಗಲ, 8 ಇಂಚು ಎತ್ತರ ಇಟ್ಟುಕೊಂಡಿದ್ದೇನೆ. ನನ್ನ ಫೋನಿನ ಪರದೆ 2.7 ಇಂಚಿನಷ್ಟು ಅಗಲ, ಅಂದರೆ ಪುಟ ಶೇಕಡಾ 60ಕ್ಕೆ ಕುಗ್ಗಿ ಕಾಣುತ್ತದೆ. 17 ಪಾಯಿಂಟ್ ಅಕ್ಷರ ಇಟ್ಟರೆ ಕಣ್ಣಿಗೆ 10 ಪಾಯಿಂಟಿನಷ್ಟು ಕಾಣುತ್ತದೆ, ಪುಸ್ತಕದ ಅಕ್ಷರಕ್ಕೆ ಹತ್ತಿರ. ಸಾಲಿಗೆ ನಾಲ್ಕೈದು ಪದ, ಪುಟಕ್ಕೆ ಸುಮಾರು 17 ಸಾಲು. ಸಂಚಿಕೆ 60 ಪುಟ ದಾಟುತ್ತದೆ. "ಇಷ್ಟೊಂದು ಪುಟ ಯಾರು ಓದ್ತಾರೆ?" ಎಂದು ಗುಂಪಿನಲ್ಲಿ ಜಗಳವೇ ಆಯಿತು. ಬೆರಳು ಸರಿಸುವುದಕ್ಕೆ ಯಾರಿಗೂ ಬೇಜಾರಿಲ್ಲ, ಹಿಗ್ಗಿಸುವುದಕ್ಕೆ ಬೇಜಾರು. ಎರಡು ಸಂಚಿಕೆಯಾದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಇಷ್ಟು ಕಿರಿದಾದ ಸಾಲಿನಲ್ಲಿ ಎರಡೂ ಅಂಚು ಸಮ ಮಾಡಲು ಹೋಗಬೇಡಿ. ನಮ್ಮ ಪದಗಳು ಉದ್ದ. "ಮಾಡಿಕೊಳ್ಳಬೇಕಾಗಿತ್ತು" ಒಂದೇ ಅರ್ಧ ಸಾಲಿಗಿಂತ ಜಾಸ್ತಿ ತಿನ್ನುತ್ತದೆ. ಅದು ಕೆಳಗಿಳಿದರೆ ಮೇಲಿನ ಸಾಲಿನಲ್ಲಿ ಪದಗಳ ನಡುವೆ ಬಾವಿಯಂಥ ಖಾಲಿ. ಎಡಕ್ಕೆ ಸಮ, ಬಲಕ್ಕೆ ಹೇಗಿದೆಯೋ ಹಾಗೆ ಬಿಡಿ. ನಾನು ನಾಲ್ಕನೇ ಸಂಚಿಕೆವರೆಗೂ ಹಟ ಹಿಡಿದು ಸಮ ಮಾಡುತ್ತಿದ್ದೆ, ಅದೇ ಶಿಸ್ತು ಅಂದುಕೊಂಡು.

ಫಾಂಟ್ ಏಳರಿಂದ ಎರಡಕ್ಕೆ ಇಳಿಯಿತು. ಒಳಪುಟಕ್ಕೆ ನೋಟೋ ಸೆರಿಫ್ ಕನ್ನಡ, ಶೀರ್ಷಿಕೆಗೆ ಅನೇಕ್ ಕನ್ನಡ. ಎರಡೂ ಉಚಿತ, ಮುಕ್ತ ಪರವಾನಗಿಯವು. ಅನೇಕ್ ಆರಿಸಲು ಒಂದು ಕಾರಣ ಇದೆ. ಅದರಲ್ಲಿ ದಪ್ಪದ ಜೊತೆ ಅಗಲವನ್ನೂ ಬದಲಿಸಬಹುದು. ಉದ್ದದ ಶೀರ್ಷಿಕೆ ಬಂದಾಗ ಗಾತ್ರ ಇಳಿಸದೆ ಕಿರಿದು ಅಗಲದ ಅಕ್ಷರ ಹಾಕುತ್ತೇನೆ, ಪದ ಒಂದೇ ಸಾಲಿನಲ್ಲಿ ಕೂರುತ್ತದೆ. ಬಲೂ ತಮ್ಮ ಎಂಬ ಫಾಂಟ್ ಕೂಡ ನೋಡಿದೆ. ಮಕ್ಕಳ ವಿಶೇಷಾಂಕಕ್ಕೆ ಬಹಳ ಚೆನ್ನಾಗಿ ಬಂತು, ಗಂಭೀರ ಲೇಖನಕ್ಕೆ ಹೊಂದಲಿಲ್ಲ. ದಪ್ಪ ಬೇಕಾದಾಗ ಫಾಂಟಿನಲ್ಲೇ ಇರುವ ದಪ್ಪ ಬಳಸಿ. ಇಲ್ಲದ ದಪ್ಪವನ್ನು ಸಾಫ್ಟ್‌ವೇರ್ ತಾನೇ ಹುಟ್ಟಿಸಿದರೆ ಅಕ್ಷರದ ಒಳಗಿನ ಕಿಂಡಿ ಮುಚ್ಚಿ ಮಸಿ ಬಿದ್ದ ಹಾಗೆ ಕಾಣುತ್ತದೆ.

ಅತಿ ಹೆಚ್ಚು ಬದಲಾವಣೆ ತಂದಿದ್ದು ಸಾಲಿನ ಅಂತರ. ಇಂಗ್ಲಿಷಿಗೆ ಅಕ್ಷರ ಗಾತ್ರದ 1.3, 1.4 ಪಟ್ಟು ಸಾಕಾಗುತ್ತದೆ. ನಮ್ಮಲ್ಲಿ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಕೆಲವು ಸಲ ಎರಡೆರಡು ಒತ್ತು. "ಸ್ತ್ರೀ", "ವೈಶಿಷ್ಟ್ಯ" ಬರೆದು ನೋಡಿ. ಅದರ ಕೆಳಗಿನ ಸಾಲಿನಲ್ಲೇ ಒಂದು "ಕೀ" ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. 1.4, 1.5, 1.6, 1.7, 1.8 ಎಂದು ಒಂದೇ ಪುಟವನ್ನು ಐದು ಥರ ಮಾಡಿ ಮನೆಯವರಿಗೆ, ಗೆಳೆಯರಿಗೆ, ಒಟ್ಟು ಹನ್ನೊಂದೋ ಹನ್ನೆರಡೋ ಜನಕ್ಕೆ ತೋರಿಸಿದೆ. ಯಾವುದು ಏನೆಂದು ಹೇಳಲಿಲ್ಲ. ಒಬ್ಬಿಬ್ಬರನ್ನು ಬಿಟ್ಟು ಎಲ್ಲರೂ 1.6, 1.7 ಇರುವ ಪುಟಕ್ಕೇ ಬೆರಳಿಟ್ಟರು. ನಾನು 17 ಪಾಯಿಂಟ್ ಅಕ್ಷರಕ್ಕೆ 28 ಪಾಯಿಂಟ್ ಸಾಲಿನ ಅಂತರ ಇಟ್ಟಿದ್ದೇನೆ. 1.8ರಲ್ಲಿ ಸಾಲುಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣುತ್ತವೆ.

ಕೆಲಸ ಮಾಡುವುದು ಲಿಬ್ರೆಆಫೀಸ್ ರೈಟರ್‌ನಲ್ಲಿ. "ಅದು ಪತ್ರ ಬರೆಯೋ ಸಾಫ್ಟ್‌ವೇರ್" ಎಂದವರಿದ್ದಾರೆ. ಸ್ಟೈಲ್‌ಗಳನ್ನು (ಶೀರ್ಷಿಕೆ, ಒಳಪಠ್ಯ ಹೀಗೆ ಒಂದೊಂದಕ್ಕೂ ಮೊದಲೇ ಉಳಿಸಿಟ್ಟ ಫಾಂಟ್, ಗಾತ್ರ, ಅಂತರ) ಸರಿಯಾಗಿ ಕಟ್ಟಿಕೊಂಡರೆ ಅದೇ ಸಾಕು. ನನ್ನಲ್ಲಿ ಒಂಬತ್ತು ಸ್ಟೈಲ್ ಇವೆ, ಹತ್ತನೆಯದು ಬೇಕೆನಿಸಿದರೆ ಒಂದು ದಿನ ತಡೆಯುತ್ತೇನೆ. ಎರಡು ವಿಷಯ ಮಾತ್ರ ನೆನಪಿಡಿ. ಕನ್ನಡದ ಫಾಂಟನ್ನು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್, ನಮ್ಮಂಥ ಲಿಪಿಗಳಿಗೆ ಇರುವುದು) ಎಂಬ ಜಾಗದಲ್ಲಿ ಬೇರೆಯಾಗಿ ಕೊಡಬೇಕು. ನಾನು ಅದರ ಮೇಲಿರುವ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬದಲಿಸಿ ಬದಲಿಸಿ, ಯಾಕೆ ಬದಲಾಗುತ್ತಿಲ್ಲ ಎಂದು ಒಂದು ವಾರ ಒದ್ದಾಡಿದೆ. ಎರಡನೆಯದು, ಸಾಲಿನ ಅಂತರವನ್ನು ಇಷ್ಟು ಪಟ್ಟು ಎಂಬ ಲೆಕ್ಕದಲ್ಲಿ ಕೊಡದೆ ಫಿಕ್ಸೆಡ್ ಎಂದು ಪಾಯಿಂಟಿನಲ್ಲೇ ಕೊಡಿ. ಇಲ್ಲವಾದರೆ ನಡುವೆ ಬೇರೆ ಫಾಂಟಿನ ಒಂದು ಪದ ಬಂದ ಸಾಲು ಉಬ್ಬಿಕೊಂಡು ಲಯ ಕೆಡುತ್ತದೆ. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ಸಾಫ್ಟ್‌ವೇರ್ ಬಳಸುವವರು ಅದರಲ್ಲಿ ಸಾಲು ಜೋಡಿಸುವ ಕಂಪೋಸರ್ ಅನ್ನು ವರ್ಲ್ಡ್-ರೆಡಿಗೆ ಬದಲಿಸಿಕೊಳ್ಳಿ, ಒತ್ತಕ್ಷರ ಸರಿಯಾಗುತ್ತದೆ.

ನುಡಿ ಎಂಬ ಕನ್ನಡ ಸಾಫ್ಟ್‌ವೇರ್‌ನ ಹಳೆಯ ಆಸ್ಕಿ ಫಾಂಟಿನಲ್ಲಿ ಬಂದ ಲೇಖನಗಳನ್ನು ಯೂನಿಕೋಡಿಗೆ ಬದಲಿಸಿದ ಮೇಲೆ ಒಂದು ಸುತ್ತು ಹುಡುಕಾಟ ಮಾಡುತ್ತೇನೆ. ಮುಂದಿನ ಅಕ್ಷರ ಒತ್ತಾಗದ ಹಾಗೆ ಬಿಡಿಸಿಡುವ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅದು ಬಿದ್ದುಹೋದರೆ "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗುತ್ತದೆ. ಓದುಗರಿಗೆ ಏನು ತಪ್ಪು ಎಂದು ಗೊತ್ತಾಗದಿದ್ದರೂ ಏನೋ ಒರಟು ಎನಿಸುತ್ತದೆ. ಅಂಥ ಪದಗಳ ನನ್ನದೇ ಪಟ್ಟಿ ಇನ್ನೂರು ದಾಟಿದೆ.

ಬಣ್ಣ ನನಗೆ ಬರುವುದಿಲ್ಲ, ಅದಕ್ಕೇ ಬಣ್ಣ ಕಡಿಮೆ ಮಾಡಿದೆ. ಬಿಳಿಗೆ ಹತ್ತಿರದ ಕೆನೆ ಬಣ್ಣದ ಪುಟ, ಕಡು ಬೂದು ಅಕ್ಷರ, ಸಂಚಿಕೆಗೆ ಒಂದೇ ಒಂದು ಬಣ್ಣ. ಒಂದು ಸಲ ಕಿತ್ತಳೆ ಬಣ್ಣದ ಉಪಶೀರ್ಷಿಕೆ ಹಾಕಿದ್ದೆ, ಬಿಸಿಲಿನಲ್ಲಿ ಫೋನ್ ಹಿಡಿದರೆ ಮಾಯ. ಆಮೇಲೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ) ಅಳೆಯುವುದು ರೂಢಿಯಾಯಿತು. ವೆಬ್ ಪುಟ ಎಲ್ಲರಿಗೂ ಓದಲು ಬರಲಿ ಎಂದು ಮಾಡಿದ ನಿಯಮಗಳಲ್ಲಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಎಂದಿದೆ. ನಾನು ಒಳಪುಟದಲ್ಲಿ 7:1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಚಿತ್ರಗಳು ಒಂದೊಂದು ಫೋನಿನಿಂದ ಒಂದೊಂದು ರೀತಿ ಬರುತ್ತವೆ. ಎಲ್ಲವನ್ನೂ ಕಪ್ಪು-ಬಿಳುಪು ಮಾಡಿ, ಮೇಲೆ ಆ ತಿಂಗಳ ಬಣ್ಣ ಹಚ್ಚುತ್ತೇನೆ. ಒಬ್ಬರೇ ತೆಗೆದ ಹಾಗೆ ಕಾಣುತ್ತವೆ. ಅಗಲ 1080 ಪಿಕ್ಸೆಲ್‌ಗೆ ಇಳಿಸಿದ ಮೇಲೆ ಇಡೀ ಫೈಲ್ 3 ಎಂಬಿ ಆಸುಪಾಸು.

ಆ ತಿಂಗಳ ಬಣ್ಣ ಹೇಗೆ ಆರಿಸುತ್ತೇನೆ ಎಂದು ತುಂಬಾ ಜನ ಕೇಳಿದ್ದಾರೆ. ಕಣ್ಣಂದಾಜು ಅಲ್ಲ, ಅದಕ್ಕೊಂದು ದಾರಿ ಇದೆ. ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ಮುಖಪುಟದ ಬಗ್ಗೆ ಇಷ್ಟು ಹೇಳಬಲ್ಲೆ: ವಾಟ್ಸ್‌ಆ್ಯಪ್‌ನಲ್ಲಿ ಮೊದಲು ಕಾಣುವುದು ಅದರ ಚಿಕ್ಕ ಚಿತ್ರ. ಹೆಬ್ಬೆರಳಿನ ಉಗುರಿನಷ್ಟು ಕುಗ್ಗಿಸಿದಾಗಲೂ ಪತ್ರಿಕೆಯ ಹೆಸರು ಓದಲು ಬರಬೇಕು.

ನಡುವೆ ಸುಮ್ನೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ಒಂದು ಸಂಚಿಕೆಗೆ ಕಪ್ಪು ಪುಟದ ಆವೃತ್ತಿಯನ್ನೂ ಕಳಿಸಿದೆ. ರಾತ್ರಿ ಓದುವವರಿಗೆ ಇಷ್ಟವಾಯಿತು, ಆದರೆ ಅಕ್ಷರ ದಪ್ಪಗೆ ಕಂಡಿತು, ಒಂದು ಹಂತ ತೆಳು ಮಾಡಬೇಕಾಯಿತು. ಎರಡೆರಡು ಫೈಲ್ ಸಂಭಾಳಿಸಲು ಆಗದೆ ಬಿಟ್ಟೆ. ಅಮ್ಮನ ಕೈಬರಹದಲ್ಲಿ ಅಂಕಣಗಳ ಹೆಸರು ಬರೆಸಿ, ಫೋಟೋ ತೆಗೆದು, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ ಗೆರೆಯಾಗಿ ಬದಲಿಸಿದೆ. ಅದು ಇವತ್ತಿಗೂ ಉಳಿದಿದೆ, ಪತ್ರಿಕೆಗೆ ಗುರುತು ಕೊಟ್ಟಿದ್ದೇ ಅದು. ರಂಗೋಲಿಯನ್ನೂ ಪೂರ್ತಿ ಬಿಟ್ಟಿಲ್ಲ. ಅಂಚು ತೆಗೆದು, ಕಥೆ ಮುಗಿದ ಕಡೆ ಐದು ಚುಕ್ಕಿಯ ಒಂದು ಪುಟ್ಟ ಗುರುತು ಇಡುತ್ತೇನೆ.

ಈಗ ಒಂದು ಸಂಚಿಕೆಗೆ ಐದು ಗಂಟೆ ಸಾಕು, ಖರ್ಚು ಸೊನ್ನೆ. ಕೊನೆಯ ಪುಟದ ಪದಬಂಧಕ್ಕೆ ಮೊದಲು ಮೂರೋ ನಾಲ್ಕೋ ಉತ್ತರ ಬರುತ್ತಿದ್ದವು, ಈಗ ನೂರರ ಹತ್ತಿರ. ಅಂದರೆ ಕೊನೆಯವರೆಗೂ ಬರುತ್ತಿದ್ದಾರೆ. ಇಬ್ಬರು ಕವಿಗಳು ತಮ್ಮ ಸಂಕಲನದ ಪುಟ ಮಾಡಿಕೊಡಿ ಎಂದು ಕೇಳಿದ್ದಾರೆ.

ಇನ್ನೂ ಬಗೆಹರಿಯದ್ದು ಪದ್ಯ. ಕವಿ ಬರೆದ ಒಂದು ಸಾಲು ಫೋನಿನ ಅಗಲಕ್ಕೆ ಹಿಡಿಸದಿದ್ದರೆ ಉಳಿದ ಪದ ಕೆಳಗಿಳಿದು ಹೊಸ ಸಾಲಿನ ಹಾಗೆ ಕಾಣುತ್ತದೆ, ಪದ್ಯದ ಉಸಿರೇ ಕೆಡುತ್ತದೆ. ಗಾತ್ರ 15ಕ್ಕೆ ಇಳಿಸಿ ನೋಡಿದೆ, ಹಿರಿಯ ಓದುಗರು ಒಪ್ಪಲಿಲ್ಲ. ಸದ್ಯಕ್ಕೆ ಇಳಿದ ಪದವನ್ನು ಎರಡು ಅಕ್ಷರದಷ್ಟು ಒಳಗೆ ತಳ್ಳುತ್ತಿದ್ದೇನೆ, ಹಿಂದಿನ ಸಾಲಿನ ಮುಂದುವರಿಕೆ ಎಂದು ಗೊತ್ತಾಗಲಿ ಎಂದು. 20ನೇ ಸಂಚಿಕೆಯಲ್ಲಿ ಒಂದು ದೊಡ್ಡ ಪದ್ಯವನ್ನು ಪುಟ ಅಡ್ಡ ಮಾಡಿ ಹಾಕಿದ್ದೇನೆ. ಫೋನ್ ತಿರುಗಿಸಿ ಓದುತ್ತಾರೋ ಇಲ್ಲವೋ, ಈ ತಿಂಗಳ ಕೊನೆಗೆ ತಿಳಿಯುತ್ತದೆ.